ಸಂಜೆ ನಾಲ್ಕೂವರೆಯ ಪ್ರಶ್ನೆ

ಬಸವನಗುಡಿಯ ನಮ್ಮ ಮನೆಯ ತಾರಸಿಯ ಮೇಲೆ ಮೂರು ರಾತ್ರಿ ಟೆಂಟು ಹಾಕಿ ಮಲಗಿ ಅಭ್ಯಾಸ ಮಾಡಿಕೊಂಡಿದ್ದುದರಿಂದ, ಡಿಸೆಂಬರಿನಲ್ಲಿ ಸೈಕಲ್ಲೇರಿ ಕನ್ಯಾಕುಮಾರಿಗೆ ಹೊರಟಾಗ ಮಲಗುವ ವಿಷಯದಲ್ಲಿ ನನಗೆ ಯಾವ ಅಳುಕೂ ಇರಲಿಲ್ಲ. ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರಗಳ ಮಾರ್ಗವಾಗಿ ಹೊನ್ನಾವರಕ್ಕೆ ಇಳಿದು, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಡಲನ್ನು ಬಲಕ್ಕಿಟ್ಟುಕೊಂಡು ದಕ್ಷಿಣಕ್ಕೆ ಸಾಗುವುದು ಯೋಜನೆಯಾಗಿತ್ತು; ಸುಮಾರು 1,300 ಕಿ.ಮೀ., 24 ದಿನ. ತಾರಸಿಯಲ್ಲಿ ಕಲಿಯಲಾಗದ ಪಾಠ ಯಾವುದೆಂಬುದು ಎರಡನೆಯ ಸಂಜೆಯೇ ತಿಳಿಯಿತು. ಟೆಂಟು ಕಟ್ಟುವುದಕ್ಕೆ ಹತ್ತು ನಿಮಿಷ ಸಾಕು. ಎಲ್ಲಿ ಕಟ್ಟಬೇಕು, ಅದಕ್ಕೆ ಯಾರನ್ನು ಕೇಳಬೇಕು ಎಂಬುದಕ್ಕೆ ಒಮ್ಮೊಮ್ಮೆ ಎರಡು ಗಂಟೆಯೂ ಸಾಲದು.

ಆ ಸಂಜೆ ತಿಪಟೂರಿನ ಹತ್ತಿರ, ಇನ್ನೂ ಐದು ಕಿಲೋಮೀಟರ್ ಹೋಗೋಣವೆಂಬ ಆಸೆಯಲ್ಲಿ ಆರೂವರೆಯವರೆಗೆ ತುಳಿದು, ಕತ್ತಲಾದ ಮೇಲೆ ರಸ್ತೆಬದಿಯ ತೆಂಗಿನ ತೋಟವೊಂದರಲ್ಲಿ ಯಾರನ್ನೂ ಕೇಳದೆ ಟೆಂಟು ಹಾಕಿದೆ. ಅರ್ಧ ಗಂಟೆಯೊಳಗೆ ಬ್ಯಾಟರಿ ಬೆಳಕು ಬಿತ್ತು. ತೋಟದ ಯಜಮಾನರು ಬೈಯಲಿಲ್ಲ, ಬೆಳಕನ್ನು ಮರದ ತುದಿಗೆ ತಿರುಗಿಸಿ, "ಯಾವೂರಪ್ಪಾ ನಿಂದು? ಮಲಗೋದಾದ್ರೆ ಮಲಗು, ಈ ಬುಡದಲ್ಲಿ ಮಾತ್ರ ಬೇಡ. ಕಾಯಿ ಬಿದ್ರೆ ತಲೆ ಉಳಿಯಲ್ಲ" ಎಂದರು. ಅವರ ಬೆಳಕಿನಲ್ಲಿಯೇ ಎಲ್ಲವನ್ನೂ ಎತ್ತಿಕೊಂಡು, ಉಂಡೆ ಕೊಬ್ಬರಿಗಾಗಿ ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸುವ ಅವರ ಕೊಟ್ಟಿಗೆಯ ಜಗಲಿಗೆ ಹೋದೆ. ಸಿಮೆಂಟಿನ ನೆಲಕ್ಕೆ ಗೂಟ ಇಳಿಯುವುದಿಲ್ಲ. ಕಡ್ಡಿಗಳ ಬಲದಿಂದಲೇ ನಿಲ್ಲುವ ಟೆಂಟನ್ನು ಕೊಂಡದ್ದು ಎಷ್ಟು ಒಳ್ಳೆಯದಾಯಿತೆಂದು ಅಲ್ಲಿ ಅರಿವಾಯಿತು.

ಅಂದಿನಿಂದ ಸಂಜೆ ನಾಲ್ಕೂವರೆಯಾದ ಮೇಲೆ ಸಿಗುವ ಮೊದಲ ಚಹಾದಂಗಡಿಯಲ್ಲಿ ಸೈಕಲ್ ನಿಲ್ಲಿಸುವುದನ್ನು ರೂಢಿ ಮಾಡಿಕೊಂಡೆ. ಚಹಾ ಕುಡಿಯುತ್ತ, "ಅಣ್ಣಾ, ಇವತ್ತು ಇಲ್ಲೇ ಎಲ್ಲಾದ್ರೂ ಟೆಂಟು ಹಾಕ್ಕೊಂಡು ಮಲಗಬಹುದಾ?" ಎಂದು ಕೇಳುವುದು. ಬೆಂಗಳೂರಿನಲ್ಲಿ ಎದುರು ಮನೆಯವರ ಬಳಿ ಸಕ್ಕರೆ ಕೇಳುವುದಕ್ಕೂ ಹಿಂಜರಿಯುವ ನನಗೆ ಈ ಒಂದು ವಾಕ್ಯ ಬಾಯಿಗೆ ಹತ್ತಲು ಒಂದು ವಾರ ಹಿಡಿಯಿತು. ಬೆಳಕಿರುವಾಗ ಕೇಳಿದರೆ ದೇವಸ್ಥಾನದ ಹಿಂಬದಿಯೋ, ಯಾರದೋ ಕಣವೋ ಸಿಗುತ್ತದೆ. ಕತ್ತಲಾದ ಮೇಲೆ ಕೇಳಿದರೆ ಅದೇ ಜನ ಅನುಮಾನ ಪಡುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಎಲ್ಲೂ ಸಿಗದಿದ್ದರೆ ಪೆಟ್ರೋಲ್ ಬಂಕ್ ಇದ್ದೇ ಇದೆ, ಆದರೆ ಅಲ್ಲಿ ರಾತ್ರಿಯಿಡೀ ದೀಪ ಮತ್ತು ಲಾರಿಗಳ ಗದ್ದಲ. ಶರಾವತಿ ಕಣಿವೆಯ ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತಂಗುವಂತಿಲ್ಲವಾದ್ದರಿಂದ, ಸಾಗರದ ಬಳಿ ಅಡಿಕೆ ಒಣಹಾಕಿದ್ದ ಅಂಗಳವೊಂದರ ಅಂಚಿನಲ್ಲಿ ಮಲಗಿ, ಮರುದಿನ ಹಗಲಿನಲ್ಲಿಯೇ ಗೇರುಸೊಪ್ಪೆಯ ಘಟ್ಟ ಇಳಿದೆ.

ಇನ್ನೊಂದು ತಕರಾರು ನೀರಿನದು. ಕಡೂರಿನ ಸಮೀಪ ಬಯಲಿನಲ್ಲಿ ಮಲಗಿದ್ದಾಗ ಬೆಳಗಿನ ಜಾವ ಹಣೆಯ ಮೇಲೆ ತಣ್ಣನೆಯ ಹನಿಯೊಂದು ಬಿದ್ದು ಎಚ್ಚರವಾಯಿತು. ಮಳೆಯೆಂದುಕೊಂಡು ತಲೆ ಹೊರಹಾಕಿದರೆ ಆಕಾಶದ ತುಂಬ ನಕ್ಷತ್ರಗಳು. ಚಳಿಗೆ ಹೆದರಿ ನಾನು ಎಲ್ಲ ಜಿಪ್ಪುಗಳನ್ನೂ ಎಳೆದು ಮುಚ್ಚಿದ್ದೆ. ಮೋಡವಿಲ್ಲದ ರಾತ್ರಿಯಲ್ಲಿ ಟೆಂಟಿನ ಹೊರ ಹೊದಿಕೆಯು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ; ಹೋಗಲು ದಾರಿಯಿಲ್ಲದ ನನ್ನ ಉಸಿರಿನ ತೇವವೆಲ್ಲ ಅದರ ಒಳಮೈಗೆ ಹನಿಗಟ್ಟಿ, ಟೆಂಟಿನ ಒಳಪದರದ ಜಾಲರಿಯ ಮೂಲಕ ನನ್ನ ಮೇಲೆಯೇ ತೊಟ್ಟಿಕ್ಕುತ್ತಿತ್ತು. ಮರುದಿನದಿಂದ ಎಷ್ಟೇ ಚಳಿಯಿದ್ದರೂ ಎರಡೂ ಬದಿಯ ಗಾಳಿಕಿಂಡಿಗಳನ್ನು ತೆರೆದಿಟ್ಟೆ. ಸಾಧ್ಯವಾದಾಗಲೆಲ್ಲ ಹುಣಸೆಯ ಅಥವಾ ಮಾವಿನ ಮರದಡಿ ಜಾಗ ಹುಡುಕಿದೆ, ಅಲ್ಲಿ ಇಬ್ಬನಿ ಕಡಿಮೆ. ಆದರೂ ಒದ್ದೆಯಾದರೆ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಟೆಂಟನ್ನು ಬಿಸಿಲಿಗೆ ಹರವಿದರೆ ಆಯಿತು.

ಒಲೆಯ ಕಥೆ ಚಿಕ್ಕದು. ಬೆಂಗಳೂರಿನ ಚಾರಣದ ಅಂಗಡಿಯಲ್ಲಿ ಸಿಗುವ ಸಣ್ಣ ಗ್ಯಾಸ್ ಡಬ್ಬಿ ದಾರಿಯ ಯಾವ ಊರಿನಲ್ಲಿಯೂ ಸಿಗಲಿಲ್ಲ. ಶಿವಮೊಗ್ಗದಿಂದ ಒಲೆಯನ್ನು ಬಸ್ಸಿನ ಪಾರ್ಸೆಲ್ಲಿನಲ್ಲಿ ಮನೆಗೆ ಕಳುಹಿಸಿ, ಮೊಸರವಲಕ್ಕಿಗೆ ಶರಣಾದೆ.

ಕರಾವಳಿಯಲ್ಲಿ ಕಲಿತದ್ದನ್ನೆಲ್ಲ ತಿರುವಿ ಹಾಕಬೇಕಾಯಿತು. ಸೆಕೆಗೆ ಹೊರ ಹೊದಿಕೆಯನ್ನೇ ತೆಗೆದಿಟ್ಟು ಜಾಲರಿಯೊಂದರಲ್ಲಿ ಮಲಗಿದೆ. ಮರಳಿನಲ್ಲಿ ಗೂಟ ನಿಲ್ಲದ್ದರಿಂದ, ಪ್ಲಾಸ್ಟಿಕ್ ಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ ಮೊಣಕೈಯಾಳದಲ್ಲಿ ಹೂತೆ. ಕುಂದಾಪುರದ ಹತ್ತಿರ ದೇವಸ್ಥಾನವೊಂದರ ಪಕ್ಕದಲ್ಲಿ ಜಾಗ ಕೇಳಿದಾಗ ಅಲ್ಲಿನವರು, "ಅಡ್ಡಿಲ್ಲೆ, ಆದ್ರೆ ಇವತ್ತು ಆಟ ಇತ್ತ್" ಎಂದು ನಕ್ಕರು. ಎದುರಿನ ಗದ್ದೆಯಲ್ಲಿ ಚಂಡೆ ಮೊಳಗಿದ ಮೇಲೆ ನಿದ್ದೆಯ ಮಾತೆಲ್ಲಿ? ಸ್ಲೀಪಿಂಗ್ ಬ್ಯಾಗನ್ನೇ ಹೊದ್ದು ಹೋಗಿ, ಬೆಳಗಿನವರೆಗೂ ಯಕ್ಷಗಾನ ನೋಡಿದೆ.

ಹತ್ತನೆಯ ದಿನದ ಹೊತ್ತಿಗೆ ಕೈಗಳೇ ಎಲ್ಲವನ್ನೂ ಮಾಡತೊಡಗಿದ್ದವು. ತಲೆದೀಪ ಬಲ ಚೀಲದ ಹೊರ ಜೇಬಿನಲ್ಲಿ, ಗೂಟಗಳು ಅದರ ಕೆಳಗೆ, ನೀರಿನ ಬಾಟಲಿ ತಲೆಯ ಎಡಕ್ಕೆ. ಒಂದು ಜಾಗ ಬದಲಾದರೂ ಕತ್ತಲಲ್ಲಿ ಇಡೀ ಸಂಸಾರವೇ ಅಸ್ತವ್ಯಸ್ತ. ಊರಿಗೆ ಮರಳಿದ ಮೇಲೆ ಬೂಷ್ಟು ಹಿಡಿಯದಿರಲೆಂದು ಟೆಂಟನ್ನು ಅದೇ ತಾರಸಿಯಲ್ಲಿ ಎರಡು ದಿನ ಒಣಗಿಸಿ, ಗೂಟಗಳನ್ನು ಎಣಿಸಿದೆ. ಹೊರಟಾಗ ಇದ್ದ 14ರಲ್ಲಿ 11 ಉಳಿದಿವೆ. ಒಂದು ಬೈಂದೂರಿನ ಜಂಬಿಟ್ಟಿಗೆ ನೆಲದಲ್ಲಿ ಸಿಕ್ಕಿಕೊಂಡದ್ದು ನೆನಪಿದೆ, ಉಳಿದೆರಡು ಯಾವ ಊರಿನಲ್ಲಿವೆಯೋ.