ವೈಫೈಗೆ ಫೋನ್ ನಂಬರ್ ಪಾಸ್‌ವರ್ಡ್ ಇಟ್ಟಿದ್ದರೆ ಇವತ್ತೇ ಬದಲಾಯಿಸಿ

ಇಂಟರ್ನೆಟ್ ಕನೆಕ್ಷನ್ ಹಾಕಲು ಬಂದವರು ಹೊರಡುವ ಹೊತ್ತಿಗೆ "ಪಾಸ್‌ವರ್ಡ್ ಏನಿಡಲಿ?" ಅಂತ ಕೇಳುತ್ತಾರೆ. ಆ ಕ್ಷಣಕ್ಕೆ ಏನೂ ಹೊಳೆಯುವುದಿಲ್ಲ, ಮೊಬೈಲ್ ನಂಬರ್ ಹೇಳಿಬಿಡುತ್ತೇವೆ. ನನಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ ಹೀಗೇ ಆಗಿದೆ.

ತೊಂದರೆ ಏನು ಗೊತ್ತಾ? ವೈಫೈಗೆ ಬೀಗ ಹಾಕುವ ಡಬ್ಲ್ಯುಪಿಎ2 ಅನ್ನುವ ವ್ಯವಸ್ಥೆಯಲ್ಲಿ ಫೋನ್ ರೂಟರ್‌ಗೆ ಸೇರುವಾಗ ಎರಡರ ನಡುವೆ ನಾಲ್ಕು ಸಂದೇಶ ಓಡಾಡುತ್ತವೆ. ರಸ್ತೆಯಲ್ಲಿ ನಿಂತವರೂ ಅದನ್ನು ಲ್ಯಾಪ್‌ಟಾಪ್‌ನಲ್ಲಿ ಹಿಡಿದಿಟ್ಟುಕೊಳ್ಳಬಹುದು. ಅದರಲ್ಲಿ ಪಾಸ್‌ವರ್ಡ್ ಇರುವುದಿಲ್ಲ, ಆದರೆ ತಾವು ಊಹಿಸಿದ್ದು ಸರಿಯೋ ತಪ್ಪೋ ಅಂತ ತಾಳೆ ನೋಡಲು ಅಷ್ಟು ಸಾಕು, ಅದನ್ನೂ ತಮ್ಮ ಮನೆಯಲ್ಲಿ ಕೂತು, ನಿಮ್ಮ ರೂಟರ್‌ಗೆ ಸುಳಿವೇ ಸಿಗದ ಹಾಗೆ. ನಮ್ಮ ಮೊಬೈಲ್ ನಂಬರ್‌ಗಳು 6ರಿಂದ 9ರೊಳಗೆ ಶುರುವಾಗುತ್ತವೆ, ಅಂದರೆ ಒಟ್ಟು 400 ಕೋಟಿ ಸಾಧ್ಯತೆ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೆಲವು ಗಂಟೆಯ ಕೆಲಸ ಅಷ್ಟೇ.

ನಮ್ಮ ವೈಫೈ ಯಾರಿಗೆ ಬೇಕು ಅನ್ನಬೇಡಿ. 2008ರಲ್ಲಿ ಅಹಮದಾಬಾದ್ ಸ್ಫೋಟದ ಹೊಣೆ ಹೊತ್ತು ಉಗ್ರರು ಕಳಿಸಿದ ಇಮೇಲ್ ಹೋಗಿದ್ದು ನವಿ ಮುಂಬೈನ ಒಬ್ಬರ ಮನೆಯ ವೈಫೈನಿಂದ. ಪೊಲೀಸರು ಮೊದಲು ಬಂದಿದ್ದು ಅವರ ಬಾಗಿಲಿಗೇ.

ಬ್ರೌಸರ್‌ನಲ್ಲಿ 192.168.1.1 ಅಥವಾ ರೂಟರ್ ಕೆಳಗೆ ಬರೆದಿರುವ ವಿಳಾಸ ತೆರೆದು ವೈರ್‌ಲೆಸ್ ಸೆಕ್ಯುರಿಟಿಗೆ ಹೋಗಿ. ಅಲ್ಲಿ ಡಬ್ಲ್ಯುಇಪಿ ಅನ್ನುವ ಹಳೇ ವ್ಯವಸ್ಥೆ ಕಂಡರೆ ಅದನ್ನು ಆರಿಸಬೇಡಿ, ಅದರ ಬೀಗ ಒಡೆದದ್ದು 2001ರಲ್ಲೇ. ಟಿಕೆಐಪಿ ಅನ್ನುವ ಗೂಢಲಿಪಿ ವಿಧಾನವೂ ಬೇಡ, ಹಳೆಯದು, ಸ್ಪೀಡನ್ನೂ 54 ಎಂಬಿಪಿಎಸ್‌ಗೆ ಇಳಿಸುತ್ತದೆ. ಅದರ ಬದಲು ಡಬ್ಲ್ಯುಪಿಎ2 ಜೊತೆ ಎಇಎಸ್ ಅನ್ನುವ ವಿಧಾನ ಆರಿಸಿ. 2018ರಲ್ಲಿ ಬಂದ ಡಬ್ಲ್ಯುಪಿಎ3 ಇದ್ದರೆ ಇನ್ನೂ ಒಳ್ಳೆಯದು, ಅದರಲ್ಲಿ ಈ ಮನೆಯಲ್ಲಿ ಕೂತು ಊಹಿಸುವ ಆಟ ನಡೆಯುವುದಿಲ್ಲ. ಹಳೇ ಟಿವಿ, ಸ್ಮಾರ್ಟ್ ಬಲ್ಬ್ ಅದಕ್ಕೆ ಸೇರದಿದ್ದರೆ ಎರಡೂ ಸೇರಿದ ಮಿಕ್ಸೆಡ್ ಮೋಡ್ ಇಡಿ. ಆದರೆ ಅದರಲ್ಲಿ ಡಬ್ಲ್ಯುಪಿಎ2ನ ದೌರ್ಬಲ್ಯವೂ ಉಳಿಯುತ್ತದೆ, ಹಾಗಾಗಿ ಪಾಸ್‌ವರ್ಡ್ ಗಟ್ಟಿ ಇರಲೇಬೇಕು.

63 ಅಕ್ಷರದವರೆಗೆ ಜಾಗ ಇದೆ. ಒಂದಕ್ಕೊಂದು ಸಂಬಂಧ ಇಲ್ಲದ ಐದಾರು ಕನ್ನಡ ಪದ ಜೋಡಿಸಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ: ಸೌತೆಕಾಯಿ, ರಂಗೋಲಿ, ಪಂಕ್ಚರ್, ಅಟ್ಟ, ಗುಬ್ಬಚ್ಚಿ ಅನ್ನುವ ಥರ. ಇದನ್ನೇ ಇಡಬೇಡಿ ಮತ್ತೆ! ಗಾದೆಮಾತೂ ಬೇಡ, ಎಲ್ಲರಿಗೂ ಗೊತ್ತಿರುತ್ತೆ ಅಲ್ವಾ.

ರೂಟರ್ ಸೆಟ್ಟಿಂಗ್‌ನಲ್ಲೇ ಡಬ್ಲ್ಯುಪಿಎಸ್ ಅಂತ ಒಂದು ಇರುತ್ತದೆ, ಪಾಸ್‌ವರ್ಡ್ ಟೈಪ್ ಮಾಡದೆ ಬಟನ್ ಒತ್ತಿ ಅಥವಾ ಪಿನ್ ಹಾಕಿ ವೈಫೈ ಸೇರುವ ಸೌಲಭ್ಯ, ಅದನ್ನು ಆಫ್ ಮಾಡಿ. ಅದರ 8 ಅಂಕಿಯ ಪಿನ್ ಅನ್ನು ರೂಟರ್ ಎರಡು ಅರ್ಧವಾಗಿ ಪರೀಕ್ಷಿಸುತ್ತದೆ. ಹಾಗಾಗಿ ಹಳೇ ರೂಟರ್‌ಗಳಲ್ಲಿ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಸಿಕ್ಕಿಬಿಡುತ್ತದೆ, ನಿಮ್ಮ ಪಾಸ್‌ವರ್ಡ್ ಎಷ್ಟೇ ಉದ್ದ ಇರಲಿ.