ಎರಡು ಕೋರ್, ಕಪ್ಪು ಪರದೆ

ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಯೊಂದರಲ್ಲಿ ನಾನು ಅಸೆಂಬ್ಲಿ ನೋಡಿಕೊಳ್ಳುತ್ತಿದ್ದಾಗ, 2014ರ ಕೊನೆಯಲ್ಲಿ, ಗೇಮಿಂಗ್ ಪಿಸಿ ಕೇಳಿ ಬಂದವರಿಗೆಲ್ಲ ಇಂಟೆಲ್‌ನ ಪೆಂಟಿಯಂ ಜಿ3258 ಪ್ರೊಸೆಸರ್ ಇರುವ ಕಾಂಬೊವನ್ನೇ ಮೊದಲು ತೋರಿಸಬೇಕೆಂದು ಮಾಲೀಕರು ಹೇಳಿದ್ದರು. ಆ ಪ್ರೊಸೆಸರಿನಲ್ಲಿ ದೋಷವಿರಲಿಲ್ಲ. 3.2 ಗಿಗಾಹರ್ಟ್ಸ್‌ನ ಎರಡು ಕೋರ್ (ಲೆಕ್ಕ ಮಾಡುವ ಘಟಕ), ಲಾಕ್ ಇಲ್ಲದ ಮಲ್ಟಿಪ್ಲೈಯರ್, ಎಂದರೆ ವೇಗವನ್ನು ನಾವೇ ಏರಿಸಿಕೊಳ್ಳಬಹುದು; ಒಳ್ಳೆಯ ಕೂಲರ್ ಹಾಕಿದರೆ 4 ಗಿಗಾಹರ್ಟ್ಸ್ ದಾಟಿಸುವುದು ಕಷ್ಟವಿರಲಿಲ್ಲ. ಇಂಟೆಲ್‌ನದೇ ನಾಲ್ಕು ಕೋರಿನ ಪ್ರೊಸೆಸರ್ ಐ5-4460ಕ್ಕೆ ಅದರ ಎರಡು ಪಟ್ಟಿಗೂ ಮಿಕ್ಕಿದ ಬೆಲೆ. ಉಳಿದ ಹಣವನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ ಎಂಬ ನಮ್ಮ ಮಾತನ್ನು ಗ್ರಾಹಕರು ಸುಲಭವಾಗಿ ಒಪ್ಪುತ್ತಿದ್ದರು.

ಅದೇ ನವೆಂಬರಿನಲ್ಲಿ ಫಾರ್ ಕ್ರೈ 4 ಎಂಬ ಆಟ ಬಂತು. ಕೆಲವೇ ವಾರಗಳ ಹಿಂದೆ ಕಾಂಬೊ ಒಯ್ದಿದ್ದ ಹುಡುಗನೊಬ್ಬ ತಂದೆಯೊಡನೆ ಕ್ಯಾಬಿನೆಟ್ಟನ್ನು ಹೊತ್ತು ತಂದು ಕೌಂಟರಿನ ಮೇಲಿಟ್ಟ. ಆಟ ತೆರೆದರೆ ಪರದೆ ಕಪ್ಪಾಗಿಯೇ ನಿಲ್ಲುತ್ತಿತ್ತು. ಎರರ್ ಇಲ್ಲ, ಕ್ರ್ಯಾಶ್ ಇಲ್ಲ. ಡ್ರೈವರ್ ತೆಗೆದು ಮತ್ತೆ ಹಾಕಿದೆವು, ರ‍್ಯಾಮ್ ಬದಲಿಸಿದೆವು, ಗ್ರಾಫಿಕ್ಸ್ ಕಾರ್ಡನ್ನೇ ಬೇರೆ ಕೂರಿಸಿದೆವು. ಪರದೆ ಕಪ್ಪಾಗಿಯೇ ಇತ್ತು. ಆ ತಂದೆ ಒಂದು ಮಾತೂ ಆಡದೆ ಬಿಲ್ಲನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಅವರು ಗದರಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಕೊನೆಗೆ ಟೆಸ್ಟ್ ಬೆಂಚಿನಲ್ಲಿದ್ದ ಐ3-4130 ಪ್ರೊಸೆಸರ್ ತೆಗೆದು ಅದೇ ಬೋರ್ಡಿಗೆ ಹಾಕಿದೆ. ಟಾಸ್ಕ್ ಮ್ಯಾನೇಜರಿನಲ್ಲಿ ಎರಡರ ಬದಲು ನಾಲ್ಕು ಗ್ರಾಫ್ ಕಾಣಿಸಿದವು, ಆಟವೂ ತೆರೆದುಕೊಂಡಿತು.

ಐ3ರಲ್ಲಿಯೂ ಇರುವುದು ಎರಡೇ ಕೋರ್, ಆದರೆ ಒಂದು ಕೋರನ್ನು ಎರಡರಂತೆ ತೋರಿಸುವ ಹೈಪರ್‌ಥ್ರೆಡಿಂಗ್‌ನಿಂದಾಗಿ ವಿಂಡೋಸ್‌ಗೆ ನಾಲ್ಕು ಕಾಣುತ್ತವೆ. ಆ ಆಟ ತನ್ನ ಒಂದು ಥ್ರೆಡ್ಡನ್ನು (ಕೆಲಸದ ಒಂದು ಸರಣಿಯನ್ನು) ಮೂರನೆಯ ಕೋರಿಗೇ ಕಟ್ಟಿಹಾಕಿತ್ತು. ಇಲ್ಲದ ಕೋರಿಗೆ ಹೋದ ಕೆಲಸ ಮುಗಿಯುವುದಾದರೂ ಹೇಗೆ? ಉತ್ಸಾಹಿಗಳು ಬರೆದ ಪ್ಯಾಚ್ ಹಾಕಿದರೆ ಜಿ3258ರಲ್ಲಿಯೂ ಆಟ ಶುರುವಾಗುತ್ತಿತ್ತು, ಆದರೆ ಓಡುವಾಗ ತಡವರಿಸುತ್ತಿತ್ತು. ಹೊಸ ಆಟಗಳು ಹೆಚ್ಚು ಕೋರ್ ಬೇಡುವುದಕ್ಕೆ ಬಲವಾದ ಕಾರಣವಿದೆ. 2013ರ ನವೆಂಬರಿನಲ್ಲಿ ಬಂದ ಗೇಮ್ ಕನ್ಸೋಲ್‌ಗಳಾದ ಪಿಎಸ್4 ಮತ್ತು ಎಕ್ಸ್‌ಬಾಕ್ಸ್ ಒನ್ ಎರಡರಲ್ಲಿಯೂ ನಿಧಾನಗತಿಯ ಎಂಟು ಕೋರ್‌ಗಳಿದ್ದವು. ಅವುಗಳಿಗಾಗಿ ಬರೆದ ಗೇಮ್ ಎಂಜಿನ್‌ಗಳು ಕೆಲಸವನ್ನು ಹಲವು ಥ್ರೆಡ್‌ಗಳಿಗೆ ಹಂಚುವುದನ್ನು ಕಲಿಯಲೇಬೇಕಾಗಿತ್ತು.

ನಮ್ಮ ಮ್ಯಾನೇಜ್‌ಮೆಂಟ್ ಇದನ್ನು ನೋಡಲು ಸಿದ್ಧವಿರಲಿಲ್ಲ. ಕೊಟೇಶನ್ ಶೀಟಿನಲ್ಲಿ ಗಿಗಾಹರ್ಟ್ಸ್‌ಗೆ ಒಂದು ಕಾಲಂ ಇತ್ತು, ಥ್ರೆಡ್‌ಗಳಿಗೆ ಇರಲಿಲ್ಲ. ಡೆಮೊದಲ್ಲಿ ತೋರಿಸುತ್ತಿದ್ದುದು ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು) ಮಾತ್ರ. 60 ಎಫ್‌ಪಿಎಸ್ ಎಂದರೆ ಪ್ರತಿ ಫ್ರೇಮಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್, ಆಂಟಿವೈರಸ್ಸೋ ಡ್ರೈವರೋ ಎರಡರಲ್ಲಿ ಒಂದು ಕೋರನ್ನು ಹಿಡಿದುಕೊಂಡ ಕ್ಷಣದಲ್ಲಿ ಒಂದು ಫ್ರೇಮ್ ಅದರ ಮೂರು ಪಟ್ಟು ಕಾಲ ತೆಗೆದುಕೊಂಡರೂ ಸರಾಸರಿಯಲ್ಲಿ ಅದು ಗೊತ್ತಾಗುವುದಿಲ್ಲ, ಆಡುವವನ ಕಣ್ಣಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಆಮೇಲೆ ನಾನು ಗ್ರಾಹಕರನ್ನು ಮೊದಲು ಯಾವ ಆಟ ಆಡುತ್ತೀರಿ ಎಂದು ಕೇಳತೊಡಗಿದೆ. ಬರೀ ಕೌಂಟರ್-ಸ್ಟ್ರೈಕ್ ಆಡುವವರಿಗೆ ಜಿ3258 ಕೊಡಲು ನನಗೆ ಹಿಂಜರಿಕೆಯಿರಲಿಲ್ಲ. ಹೊಸ ಆಟಗಳನ್ನು ಆಡುವವರಿಗೆ, ಗ್ರಾಫಿಕ್ಸ್ ಕಾರ್ಡನ್ನು ಒಂದು ಮೆಟ್ಟಿಲು ಇಳಿಸಿಯಾದರೂ ಐ5 ತೆಗೆದುಕೊಳ್ಳಿ ಎನ್ನುತ್ತಿದ್ದೆ. ಅದಕ್ಕೂ ಹಣ ಸಾಲದವರಿಗೆ ಪೆಂಟಿಯಂ ಹಾಕಿದ ಎಚ್81 ಮದರ್‌ಬೋರ್ಡಿನ ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಮುಂದೆ ಇದೇ ಸಾಕೆಟ್ಟಿಗೆ ಐ5-4460 ಕೂರುತ್ತದೆ ಎಂದು ಬಿಲ್ಲಿನ ಹಿಂದೆ ಬರೆದುಕೊಡುತ್ತಿದ್ದೆ.