ಬಾತ್‌ರೂಮಿನ ಗುಲಾಬಿ ಕಲೆ, ನನ್ನ ಬಿಳಿ ಪ್ಲೇಟು

ಬಾತ್‌ರೂಮ್ ಟೈಲ್ಸ್ ಸಂದೀಲಿ, ಬಕೆಟ್ ತಳದಲ್ಲಿ ಒಂಥರಾ ಲೋಳೆ ಲೋಳೆ ಗುಲಾಬಿ ಕಲೆ ಬರತ್ತಲ್ಲ, ಎಷ್ಟು ಉಜ್ಜಿ ತೊಳೆದ್ರೂ ವಾರಕ್ಕೆ ಮತ್ತೆ ಹಾಜರ್, ಅದನ್ನ ತುಂಬಾ ಜನ ನೀರಿನ ಕಬ್ಬಿಣದ ಕಲೆ ಅಂದ್ಕೊಂಡಿರ್ತಾರೆ. ಬಹಳ ಸಲ ಅದು ಸೆರಾಷಿಯಾ ಮಾರ್ಸೆಸೆನ್ಸ್ ಅನ್ನೋ ಬ್ಯಾಕ್ಟೀರಿಯಾ. ಸೋಪಿನ ಜಿಡ್ಡು, ಒಂಚೂರು ತೇವ ಸಿಕ್ರೆ ಅದಕ್ಕೆ ಸಾಕು.

ನಂಗೆ ಇದರ ಪರಿಚಯ ಆಗಿದ್ದು ಡಿಗ್ರಿ ಲ್ಯಾಬಲ್ಲಿ, ಅದೂ ಸ್ವಲ್ಪ ಮರ್ಯಾದೆ ಕಳ್ಕೊಂಡು. ಬ್ಯಾಕ್ಟೀರಿಯಾ ಬೆಳೆಸೋ ಪೆಟ್ರಿ ಪ್ಲೇಟು, ಎಲ್ರ ಪ್ಲೇಟಲ್ಲೂ ಕುಂಕುಮದ ಗೆರೆ ಎಳೆದ ಹಾಗೆ ಕೆಂಪು ಕಾಲನಿ, ಅಂದ್ರೆ ಬ್ಯಾಕ್ಟೀರಿಯಾ ಗುಂಪು, ನನ್ನ ಪ್ಲೇಟಲ್ಲಿ ಮಾತ್ರ ಸುಣ್ಣ ಬಳಿದ ಹಾಗೆ ಬಿಳಿ. ಕಂಟಾಮಿನೇಶನ್ ಆಗಿದೆ, ಬೇರೆ ಯಾವ್ದೋ ಜೀವಿ ಸೇರ್ಕೊಂಡಿದೆ, ಮತ್ತೆ ಮೊದಲಿಂದ ಮಾಡ್ಬೇಕು ಅಂತ ಮುಖ ಸಪ್ಪೆ ಮಾಡ್ಕೊಂಡು ನಿಂತಿದ್ದೆ, ಮೇಡಂ ಬಂದು ನೋಡಿ "ಎಲ್ಲಿಟ್ಟಿದ್ದೆ ಇದನ್ನ?" ಅಂದ್ರು. 37 ಡಿಗ್ರಿ ಇನ್‌ಕ್ಯುಬೇಟರಲ್ಲಿ ಮೇಡಂ, ಚೆನ್ನಾಗಿ ಬೆಳೀಲಿ ಅಂತ, ಅಂದೆ. "ಬೆಳೆದಿದೆಯಲ್ಲ, ಬಣ್ಣ ಬೇಕು ಅಂದ್ರೆ ಹೊರಗಿಡ್ಬೇಕು ಕಣಮ್ಮ" ಅಂದ್ರು. ಅದೇ ಬಿಳಿ ಕಾಲನಿಯಿಂದ ಒಂಚೂರು ತೆಗೆದು ಹೊಸ ಪ್ಲೇಟಲ್ಲಿ ಗೆರೆ ಎಳೆದು ಟೇಬಲ್ ಮೇಲೆ ಬಿಟ್ಟೆ, ಎರಡು ದಿನಕ್ಕೆ ಗಾಢ ಕೆಂಪು. ಆ ಕೆಂಪಿನ ಹೆಸರು ಪ್ರೊಡಿಜಿಯೋಸಿನ್. 37 ಡಿಗ್ರಿಗೆ ಹೋದ್ರೆ ಸೆರಾಷಿಯಾ ಅದನ್ನ ಮಾಡೋದೇ ನಿಲ್ಲಿಸಿಬಿಡತ್ತೆ.

ಅವತ್ತಿಂದ ನನ್ನ ತಲೇಲಿ ಕೂತಿರೋ ವಿಷಯ ಇಷ್ಟೇ, ಈ ಜೀವಿಗಳಿಗೆ ಬಣ್ಣ ಅನ್ನೋದು ಅಲಂಕಾರ ಅಲ್ಲ, ಬಹಳ ಸಲ ಕಷ್ಟಕಾಲಕ್ಕೆ ಅಂತ ತೆಗೆಯೋ ಕೊಡೆ, ಇಲ್ಲಾಂದ್ರೆ ಕತ್ತಿ. ಹೆಮಟೋಕಾಕಸ್ ಅನ್ನೋ ಪಾಚಿ ತಗೊಳ್ಳಿ. ಒಳ್ಳೆ ನೀರು, ಹದವಾದ ಬೆಳಕು, ಹೊಟ್ಟೆ ತುಂಬ ನೈಟ್ರೋಜನ್ ಇದ್ರೆ ಹಸಿರಾಗಿ, ಎರಡು ಬಾಲ ಆಡಿಸ್ಕೊಂಡು ಈಜ್ತಾ ಇರತ್ತೆ. ನೈಟ್ರೋಜನ್ ಕಿತ್ಕೊಂಡು ಮೇಲಿಂದ ಜೋರು ಬೆಳಕು ಬಿಡಿ, ಬಾಲ ಉದುರಿಸಿ, ಸುತ್ತ ದಪ್ಪ ಗೋಡೆ ಕಟ್ಕೊಂಡು, ಒಳಗೆಲ್ಲ ಆಸ್ಟಾಕ್ಸಾಂಥಿನ್ ಅನ್ನೋ ಕೆಂಪು ಬಣ್ಣ ತುಂಬ್ಕೊಂಡು ರಕ್ತಗೆಂಪಾಗತ್ತೆ, ಅದು ಅದರ ಸನ್‌ಸ್ಕ್ರೀನ್. ಕಂಪನಿಗಳು ಮಾಡೋದೂ ಇದನ್ನೇ, ಮೊದಲು ಚೆನ್ನಾಗಿ ಸಾಕಿ ಸಂಖ್ಯೆ ಹೆಚ್ಚಿಸೋದು, ಆಮೇಲೆ ಬೇಕಂತಲೇ ಉಪವಾಸ ಕೆಡವೋದು. ಸಾಕಿದ ಸಾಲ್ಮನ್ ಮೀನಿನ ಮಾಂಸಕ್ಕೆ ಬರೋ ಕಿತ್ತಳೆ ಗುಲಾಬಿ ಬಣ್ಣ ಮೇವಲ್ಲಿ ಬೆರೆಸೋ ಈ ಆಸ್ಟಾಕ್ಸಾಂಥಿನ್‌ದೇ, ಅದರಲ್ಲಿ ಹೆಚ್ಚಿನ ಪಾಲು ಫ್ಯಾಕ್ಟರೀಲಿ ಕೆಮಿಕಲ್ ಆಗಿ ತಯಾರಾಗಿದ್ದು, ಪಾಚಿದು ದುಬಾರಿ.

ಕತ್ತಿಗೆ ಉದಾಹರಣೆ ವಯೊಲಾಸಿನ್, ಕೆಲವು ಬ್ಯಾಕ್ಟೀರಿಯಾ ಮಾಡೋ ನೇರಳೆ ಬಣ್ಣ. ಆ ಬ್ಯಾಕ್ಟೀರಿಯಾನ ತಿನ್ನೋಕೆ ಬರೋ ಪ್ರೊಟೊಜೋವಾ ಅನ್ನೋ ಏಕಕೋಶ ಜೀವಿಗಳಿಗೆ ಅದು ವಿಷ. ಈ ನೇರಳೆ ಬ್ಯಾಕ್ಟೀರಿಯಾಗಳಲ್ಲಿ ಒಂದು ಜಾತಿ, ನೋಡೋಕೆ ಹಲ್ಲಿ ಥರ ಇರೋ, ಕಪ್ಪೆ ಬಳಗದ ಸಾಲಮಾಂಡರ್‌ಗಳ ಚರ್ಮದ ಮೇಲೇ ಮನೆ ಮಾಡ್ಕೊಂಡು, ಚರ್ಮಕ್ಕೆ ಬರೋ ಶಿಲೀಂಧ್ರ ರೋಗನ ತಡೆಯತ್ತೆ. ಕೊಡೆಗೆ ಇನ್ನೊಂದು ಉದಾಹರಣೆ, ಕೀವು ತರೋ ಬ್ಯಾಕ್ಟೀರಿಯಾ ಸ್ಟಫಿಲೊಕಾಕಸ್ ಆರಿಯಸ್. ಅದರ ಹೆಸರಲ್ಲಿರೋ 'ಆರಿಯಸ್' ಅಂದ್ರೆ ಬಂಗಾರದ್ದು, ನಮ್ಮ ಬಿಳಿ ರಕ್ತಕಣ ಅದನ್ನ ಕೊಲ್ಲೋಕೆ ಎರಚೋ ಆಕ್ಸಿಡೈಸಿಂಗ್ ರಾಸಾಯನಿಕಗಳನ್ನ ಆ ಬಂಗಾರದ ಬಣ್ಣವೇ ಹೀರ್ಕೊಳತ್ತೆ, ಬಣ್ಣ ಇಲ್ಲದ ತಳಿ ಮಾಡಿದ್ರೆ ಅದು ಸುಲಭಕ್ಕೆ ಸಾಯತ್ತೆ.

ಉಪಯೋಗ ಏನು ಅಂತ ಕೇಳೋರಿಗೆ: ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮೂತ್ರ ಗಾಢ ಹಳದಿ ಬಂದು ಗಾಬರಿ ಆಗಿದ್ದೀರಲ್ಲ, ಅದು ರೈಬೋಫ್ಲೇವಿನ್, ಅಂದ್ರೆ ಬಿ2, ಈಗ ಅದನ್ನ ಬ್ಯಾಸಿಲಸ್ ಬ್ಯಾಕ್ಟೀರಿಯಾದಿಂದಲೋ, ಹತ್ತಿ ಗಿಡಕ್ಕೆ ರೋಗ ತರೋ ಆಶ್ಬಿಯಾ ಅನ್ನೋ ಶಿಲೀಂಧ್ರದಿಂದಲೋ ಫರ್ಮೆಂಟರ್ ಅನ್ನೋ ದೊಡ್ಡ ಟ್ಯಾಂಕಲ್ಲಿ ಬೆಳೆಸಿ ತೆಗೀತಾರೆ. ಸ್ಪಿರುಲಿನಾ ಅನ್ನೋ ನೀಲಿ-ಹಸಿರು ಪಾಚಿಯ ನೀಲಿ ಬಣ್ಣಕ್ಕೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಕ್ಯಾಂಡಿ, ಚೂಯಿಂಗ್ ಗಮ್‌ಗೆ ಅಂತ ಒಪ್ಪಿಗೆ ಕೊಟ್ಟಿತು. ಆದ್ರೆ ಅದು ಪ್ರೋಟೀನಿಗೆ ಅಂಟಿರೋ ಬಣ್ಣ, ಬಿಸಿ ಮಾಡಿದ್ರೆ ಪ್ರೋಟೀನ್ ಕೆಟ್ಟು ನೀಲಿನೂ ಹೋಗತ್ತೆ.

ಬಣ್ಣ ಹೀಗೆ ಕೈಕೊಡೋದು ಹಳೇ ಕಾಯಿಲೆ. 1819ರಲ್ಲಿ ಇಟಲಿಯ ಪಾಡುವಾ ಹತ್ರದ ಹಳ್ಳೀಲಿ ಮೆಕ್ಕೆಜೋಳದ ಅಡುಗೆ ರಾತ್ರೋರಾತ್ರಿ ರಕ್ತ ಬಣ್ಣಕ್ಕೆ ತಿರುಗಿ ಜನ ದೆವ್ವದ ಕೆಲಸ ಅಂತ ಹೆದ್ರಿದಾಗ, ಬಾರ್ತೊಲೊಮಿಯೊ ಬಿಜಿಯೊ ಅನ್ನೋ ಫಾರ್ಮಸಿಸ್ಟ್ ಇದು ಯಾವ್ದೋ ಸೂಕ್ಷ್ಮಜೀವಿ ಅಂತ ತೋರಿಸಿ ಸೆರಾಷಿಯಾ ಮಾರ್ಸೆಸೆನ್ಸ್ ಅಂತ ಹೆಸರಿಟ್ಟ. ಮಾರ್ಸೆಸೆನ್ಸ್ ಅಂದ್ರೆ ಬಾಡೋದು, ಬಣ್ಣ ಬೇಗ ಮಾಸಿಹೋಗ್ತಿತ್ತಂತೆ ಅದಕ್ಕೇ! ಇವತ್ತು ಬ್ಯಾಕ್ಟೀರಿಯಾ ಬಣ್ಣದಲ್ಲಿ ಬಟ್ಟೆ ಅದ್ದೋರು ತಲೆ ಕೆಡಿಸ್ಕೊಂಡಿರೋದೂ ಇದಕ್ಕೇ, ಬಿಸಿಲಿಗೆ ನಿಲ್ಲಲ್ಲ.

'ನ್ಯಾಚುರಲ್, ಅದಕ್ಕೇ ಸೇಫ್' ಅನ್ನೋ ಮಾತು ಕೇಳಿದ್ರೆ ನಂಗೆ ಮೈ ಉರಿಯತ್ತೆ. ಚೀನಾದಲ್ಲಿ ನೂರಾರು ವರ್ಷದಿಂದ ಮೊನಾಸ್ಕಸ್ ಬೂಷ್ಟು ಬೆಳೆಸಿ ಅಕ್ಕಿನ ಕೆಂಪು ಮಾಡ್ತಾರೆ, ಒಳ್ಳೆ ಬಣ್ಣನೇ, ಆದ್ರೆ ಕೆಲವು ತಳಿಗಳು ಜೊತೆಗೇ ಕಿಡ್ನಿ ಹಾಳು ಮಾಡೋ ಸಿಟ್ರಿನಿನ್ ಅನ್ನೋ ವಿಷನೂ ಮಾಡ್ತವೆ. ಯುರೋಪಿಯನ್ ಯೂನಿಯನ್, ಅಮೆರಿಕ ಎರಡರಲ್ಲೂ ಮೊನಾಸ್ಕಸ್ ಬಣ್ಣ ಫುಡ್ ಕಲರ್ ಆಗಿ ಅಪ್ರೂವ್ ಆಗಿಲ್ಲ.

ನಮ್ಮ ಸೆರಾಷಿಯಾನೂ ಸಾಚಾ ಏನಲ್ಲ. 1950ರಲ್ಲಿ ಅಮೆರಿಕದ ನೌಕಾಪಡೆ ಇದು ನಿರುಪದ್ರವಿ, ಕೆಂಪಾಗಿರೋದ್ರಿಂದ ಪತ್ತೆ ಹಚ್ಚೋದೂ ಸುಲಭ ಅಂತ ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇದನ್ನ ಸ್ಪ್ರೇ ಮಾಡಿ ಪ್ರಯೋಗ ಮಾಡಿತ್ತು. ಆಮೇಲೆ ಗೊತ್ತಾಯ್ತು, ಇಮ್ಯೂನಿಟಿ ಕಮ್ಮಿ ಇರೋರಿಗೆ, ಕಾಂಟ್ಯಾಕ್ಟ್ ಲೆನ್ಸ್ ಹಾಕೋರಿಗೆ ಇದು ಇನ್ಫೆಕ್ಷನ್ ತರತ್ತೆ ಅಂತ. ಹಾಗಾಗಿ ಬಾತ್‌ರೂಮಿನ ಆ ಕಲೆನ ಬ್ಲೀಚ್ ಹಾಕಿ ಉಜ್ಜಿ, ಜಾಗ ಒಣಗಿಸಿ, ಲೆನ್ಸ್ ಡಬ್ಬಿ ಅಲ್ಲಿಡ್ಬೇಡಿ. ಕಲೆ ಕಾಣಿಸ್ತಿಲ್ಲ ಅಂತ ಸುಮ್ನೆ ಇರೋಕೂ ಆಗಲ್ಲ, ಯಾಕಂದ್ರೆ ಆಸ್ಪತ್ರೇಲಿ ರೋಗಿಗಳಿಂದ ಸಿಗೋ ಸೆರಾಷಿಯಾದಲ್ಲಿ ಬಹುಪಾಲು ನನ್ನ ಆ ಪ್ಲೇಟಿನ ಹಾಗೆ ಬಿಳೀನೇ ಇರತ್ತೆ.